ಹೆಬ್ಬೆರಳು ತೋರಿಸಿದ ಸಾಲು

ಪಾಕ್ ಹರ್ಜಿತೊ ಅವರನ್ನು ಮೊದಲು ಕಂಡಾಗ ನನಗೆ ಅಯ್ಯೋ ಪಾಪ ಎನಿಸಿತ್ತು. ನಾನು ಹೆಂಡತಿಯ ಊರಿಗೆ ಬಂದು ನೆಲೆಸಿದ ಹೊಸತು. ಕ್ಲಾತೆನ್ ಕಡೆಯ ಈ ಸಣ್ಣ ಊರಿನಲ್ಲಿ ಹಜ್ ತಿಂಗಳು ಬಂತೆಂದರೆ ಮದುವೆಗಳ ಸುಗ್ಗಿ. ಆ ಒಂದೇ ತಿಂಗಳಲ್ಲಿ ಮೂರು ಮದುವೆಗೆ ಹೋದೆ. ಮೂರರಲ್ಲೂ ಪೆಂಡಾಲಿನ ಬಾಗಿಲಲ್ಲಿ ಅದೇ ಸಣಕಲು ಮನುಷ್ಯ ಕಪ್ಪು ಮೇಲಂಗಿ ತೊಟ್ಟು, ಕಂದು ಬಾತಿಕ್ ಪಂಚೆ ಸುತ್ತಿ, ತಲೆಗೆ ಗಟ್ಟಿ ರುಮಾಲು ಬಿಗಿದು ಕೈಮುಗಿದು ನಿಂತಿದ್ದರು. ಒಂದೇ ತಿಂಗಳಲ್ಲಿ ಮೂರು ಹೆಣ್ಣುಮಕ್ಕಳ ಮದುವೆ ಮಾಡುವ ಕಷ್ಟ ಶತ್ರುವಿಗೂ ಬೇಡ ಎಂದು ಮರುಗಿ, ಮೂರನೆಯ ಮದುವೆಯಲ್ಲಿ ಅವರ ಎರಡೂ ಕೈ ಹಿಡಿದುಕೊಂಡು ಕೇಳಿಯೇಬಿಟ್ಟೆ.

"ಇನ್ನೂ ಎಷ್ಟು ಜನ ಬಾಕಿ ಇದಾರೆ, ಪಾಕ್?"

"ಇನ್ನೂರು ಜನ ಆದ್ರೂ ಬರಬೇಕು. ನೀವು ಒಳಗೆ ನಡೀರಿ, ದಾರಿಗೆ ಅಡ್ಡ ನಿಂತಿದೀರಿ," ಎಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. "ಅವರಿಗೆ ಇರೋದು ಒಬ್ಬನೇ ಮಗ. ಊರಲ್ಲಿ ಅವರು ಬಾಗಿಲಲ್ಲಿ ನಿಲ್ಲದ ಮದುವೆ ಅಂದ್ರೆ ಅವನದ್ದೊಂದೇ."

ಅವರ ಕೆಲಸ ಬಂದವರನ್ನು ನೋಡಿ, ಯಾರನ್ನು ಎಲ್ಲಿ ಕೂರಿಸಬೇಕೆಂದು ತೀರ್ಮಾನಿಸುವುದು. ಕೇಳುವುದಕ್ಕೆ ಸುಲಭ. ಆದರೆ ನಮ್ಮ ಕಡೆಯ ಮದುವೆ ಊಟ ಹಾರುವ ತಟ್ಟೆಯ ಊಟ. ಅತಿಥಿ ಕೂತಲ್ಲಿಂದ ಏಳುವಂತಿಲ್ಲ. ಬೀದಿಯ ಹುಡುಗ ಹುಡುಗಿಯರು ಹಲಗೆಯ ಮೇಲೆ ತಟ್ಟೆಗಳನ್ನು ಹೊತ್ತು ಸಾಲುಗಳ ನಡುವೆ ಓಡುತ್ತಾರೆ. ಮೊದಲು ಸಿಹಿ ಚಹಾ, ತಿಂಡಿ. ಆಮೇಲೆ ಸೂಪು, ಅನ್ನ, ಕೊನೆಗೆ ಐಸು. ಐಸು ತಿಂದಾದ ಮೇಲೂ ಕೂತಿದ್ದವನಿಗೆ ಮರ್ಯಾದೆ ಇಲ್ಲ ಎನ್ನುತ್ತಾರೆ. ಐಸು ಬರುವ ಮೊದಲೇ ಎದ್ದವನ ಮನೆಯಲ್ಲಿ ಯಾರೋ ಸತ್ತಿರಬೇಕು ಎಂದುಕೊಳ್ಳುತ್ತಾರೆ. ತಟ್ಟೆ ಹೊರಡುವುದು ಮೊದಲ ಸಾಲಿನಿಂದ. ಅಲ್ಲಿ ಸೋಫಾ, ಎದುರಿಗೆ ಗಾಜಿನ ಮೇಜು. ಎರಡನೆಯ ಸಾಲಿಗೆ ಬಟ್ಟೆ ಹೊದಿಸಿದ ಕುರ್ಚಿ. ಅಲ್ಲಿಂದಾಚೆ ಪ್ಲಾಸ್ಟಿಕ್. ಆರನೆಯ ಸಾಲಿಗೆ ತಲುಪುವ ಹೊತ್ತಿಗೆ ಸೂಪಿನ ಮೇಲೆ ಕೊಬ್ಬು ಹೆಪ್ಪುಗಟ್ಟಿ ಕೆನೆಯಾಗಿರುತ್ತದೆ. ಅನುಭವದ ಮಾತು ಇದು. ಆ ಮೂರು ಮದುವೆಗಳಲ್ಲೂ ನನಗೆ ಸಿಕ್ಕಿದ್ದು ಆರನೆಯ ಸಾಲು, ಸ್ಪೀಕರ್ ಪೆಟ್ಟಿಗೆಯ ಪಕ್ಕ, ಬಿದಿರು ಕಂಬದ ಹಿಂದೆ. ಮದುಮಕ್ಕಳ ಪೈಕಿ ನನಗೆ ಕಂಡದ್ದು ವರನ ಎಡ ಮೊಣಕಾಲು ಮಾತ್ರ.

ಮುಂದೆ ಪರಿಚಯವಾಗಿ ಸ್ನೇಹವಾದ ಮೇಲೆ ಹರ್ಜಿತೊ ಸಿಕ್ಕಾಗಲೆಲ್ಲ ನಾನು ನಮಸ್ಕಾರದ ಬದಲು, "ಆರನೇ ಸಾಲು, ಸ್ಪೀಕರ್ ಪಕ್ಕ," ಎನ್ನುತ್ತಿದ್ದೆ.

"ಆವಾಗ ನಿಮ್ಮ ಹತ್ರ ಮೀಸೆ ಬಿಟ್ರೆ ಇನ್ನೇನಿತ್ತು?" ಎನ್ನುತ್ತಿದ್ದರು.

ನಮ್ಮಲ್ಲಿ ತೋರುಬೆರಳು ಚಾಚಿ ದಾರಿ ತೋರಿಸುವುದು ಒರಟುತನ. ಮುಷ್ಟಿ ಮಡಿಚಿ ಹೆಬ್ಬೆರಳಿನಿಂದ ತೋರಿಸಬೇಕು. ಹರ್ಜಿತೊ ಸೊಂಟ ಬಗ್ಗಿಸಿ, ಎಡಗೈಯನ್ನು ಬಲ ಮೊಣಕೈಗೆ ಆನಿಸಿ ಹೆಬ್ಬೆರಳು ತೋರಿಸುತ್ತಿದ್ದ ಚೆಂದಕ್ಕೆ, ಹಿಂದಿನ ಸಾಲಿಗೆ ಹೋಗುವವನಿಗೂ ತನಗೇನೋ ಸನ್ಮಾನವಾಯಿತು ಎನಿಸಬೇಕು. ಕೂತ ಮೇಲಷ್ಟೇ ತಾನೆಲ್ಲಿದ್ದೇನೆಂದು ಅವನಿಗೆ ತಿಳಿಯುತ್ತಿತ್ತು. ಹಳೆಯ ಬೈಕುಗಳ ವ್ಯಾಪಾರ ಮಾಡುವ ಒಬ್ಬಾತ ನಾಲ್ಕನೆಯ ಸಾಲಿನಿಂದ ಮೇಲೇರಲೇಬೇಕೆಂದು ಹಟ ತೊಟ್ಟು, ಒಂದು ಮದುವೆಗೆ ಬಾಡಿಗೆ ಕಾರಿನಲ್ಲಿ, ಟೋಪಿ ಹಾಕಿದ ಡ್ರೈವರ್ ಸಮೇತ ಬಂದಿಳಿದ. ಹರ್ಜಿತೊ ಆಳವಾಗಿ ಬಾಗಿ ಅವನನ್ನು ನಾಲ್ಕನೆಯ ಸಾಲಿಗೆ ಕಳಿಸಿದರು. ಡ್ರೈವರನ್ನೂ ನಾಲ್ಕನೆಯ ಸಾಲಿಗೇ ಕಳಿಸಿದರು.

"ಮಸೀದಿಯಲ್ಲಿ ಈ ತಾಪತ್ರಯ ಇಲ್ಲ," ಎಂದು ಒಮ್ಮೆ ಹೇಳಿದ್ದರು. "ಮೊದಲು ಬಂದವನಿಗೆ ಮೊದಲ ಸಾಲು. ಅಲ್ಲಿ ನನಗೆ ಕೆಲಸ ಇಲ್ಲ. ನೆಮ್ಮದಿಯಾಗಿ ಹಿಂದೆ ಕೂತ್ಕೋತೀನಿ."

ಭಾನುವಾರ ಹೀಗೆ ಊರಿಗೆಲ್ಲ ಸ್ಥಾನಮಾನ ಹಂಚುತ್ತಿದ್ದ ಮನುಷ್ಯ ಸೋಮವಾರ ಬೆಳಿಗ್ಗೆ ಚಾಮತ್ ಕಚೇರಿಯ ಗುಮಾಸ್ತ. ಚಾಮತ್ ಎಂದರೆ ಹೋಬಳಿಗೆ ದೊರೆಯಿದ್ದ ಹಾಗೆ. ಆಗಿನ ಚಾಮತ್ ಪಾಕ್ ಕುಂಚೊರೊ. ಅಗಲ ಎದೆ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಜೊತೆಗೆ ಆಡಿನದೊಂದು ಜೋಕು. ಆ ಜೋಕನ್ನು ಅವರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ಕಚೇರಿಗೆ ಕಚೇರಿಯೇ ಪ್ರತಿ ಸಲವೂ ಹೊಸದಾಗಿ ಕೇಳಿದಂತೆ ಹೊಟ್ಟೆ ಹಿಡಿದು ನಗುತ್ತಿತ್ತು. ನಮ್ಮಲ್ಲಿ ದೊಡ್ಡವರ ಹೆಸರಿನ ಮುಂದೆ ಪಾಕ್, ಬೂ ಎನ್ನದೆ ಬರಿ ಹೆಸರು ಹಿಡಿದರೆ ಬೈದಂತೆಯೇ ಸರಿ. ಹರ್ಜಿತೊ ವಯಸ್ಸಿನಲ್ಲಿ ಕುಂಚೊರೊಗಿಂತ ಒಂದು ವರ್ಷ ದೊಡ್ಡವರು. ಆದರೂ ಸಾಹೇಬರು ಅವರನ್ನು ಕರೆಯುತ್ತಿದ್ದದ್ದು ತುಂಡು ಹೆಸರಿನಿಂದ, ಏಕವಚನದಲ್ಲಿ.

"ಜಿತ್, ಬಾ ಇಲ್ಲಿ. ಈ ಕಾಗದ ಬರೆದದ್ದು ನೀನೋ, ನಿಮ್ಮನೆ ಆಡೋ?"

"ನಾನೇ, ಪಾಕ್. ತಪ್ಪಾಗಿದೆ, ಪಾಕ್."

"ಏನು ತಪ್ಪು ಅಂತ ಗೊತ್ತಾ?"

"ಗೊತ್ತಿಲ್ಲ, ಪಾಕ್. ಆದ್ರೂ ತಪ್ಪಾಗಿದೆ."

ಹರ್ಜಿತೊಗೆ ಗ್ಯಾಸ್ಟ್ರಿಕ್. ಸೋಮವಾರ ಹೊಟ್ಟೆಯಲ್ಲಿ ಹೊತ್ತಿಕೊಂಡ ಉರಿ ಶನಿವಾರದವರೆಗೆ ಆರುತ್ತಿರಲಿಲ್ಲ. ಜೇಬಿನಲ್ಲಿ ಬಿಳಿ ಮಾತ್ರೆಗಳನ್ನು ಇಟ್ಟುಕೊಂಡು ಪೆಪ್ಪರ್‌ಮಿಂಟಿನ ಹಾಗೆ ಅಗಿಯುತ್ತಿದ್ದರು. ವಾರವಿಡೀ ಮೆತ್ತಗೆ ಬೇಯಿಸಿದ ಅನ್ನ, ಉಪ್ಪಿಲ್ಲದ ಸೀಮೆಬದನೆ. ಭಾನುವಾರ ಮಾತ್ರ ಪೆಂಡಾಲಿನ ಹಿಂದೆ, ಅಡುಗೆಯವರ ಜೊತೆ ಉಳಿದ ಅನ್ನಕ್ಕೆ ಕೆಂಪು ಸಂಬಾಲ್ ಚಟ್ನಿ ಕಲಸಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ಉಣ್ಣುತ್ತಿದ್ದರು. ಏನೂ ಆಗುತ್ತಿರಲಿಲ್ಲ. ಆರೋಗ್ಯ ಕೇಂದ್ರದ ಡಾಕ್ಟರಮ್ಮನಿಗೆ ಇದು ಒಗಟಾಯಿತು.

"ಭಾನುವಾರ ಏನು ತಿಂತೀರಿ ನೀವು?"

"ಮೆಣಸಿನಕಾಯಿ, ಡಾಕ್ಟ್ರೇ."

"ಹಾಗಾದ್ರೆ ವಾರ ಪೂರ್ತಿ ಅದನ್ನೇ ತಿಂದು ನೋಡಿ."

ಮಂಗಳವಾರ ತಿಂದು ನೋಡಿದರು. ಬುಧವಾರ ರಜೆ ಹಾಕಬೇಕಾಯಿತು.

ಮುಂದಿನ ಕಥೆಗೆ ಬೇಕಾದ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಕುಂಚೊರೊ ಚಾಮತ್ ಆಗಿ ನಮ್ಮ ಹೋಬಳಿಗೆ ಬಂದ ಹೊಸತರಲ್ಲಿ ಒಂದು ಮದುವೆಗೆ ಹೋದರು. ಮೊದಲ ಸಾಲಿನ ನಡುವಿನ ಸೋಫಾದಲ್ಲಿ ಹಿಂದಿನ ಚಾಮತ್ ಕೂತಿದ್ದರು. ನಿವೃತ್ತರಾದ ಮೇಲೂ ಅವರನ್ನು ಹರ್ಜಿತೊ ಅಲ್ಲೇ ಕೂರಿಸುತ್ತಿದ್ದರು. ಕುಂಚೊರೊ ಅವರ ಪಕ್ಕದಲ್ಲಿ ಕೂತು ನಗುನಗುತ್ತಲೇ ಉಂಡರು. ಮರುದಿನ ಕಚೇರಿಯಲ್ಲಿ ಹರ್ಜಿತೊ ಅವರನ್ನು ತಮ್ಮ ಕೋಣೆಗೆ ಕರೆಸಿಕೊಂಡರು.

"ಜಿತ್, ಕುರ್ಚಿ ಹುದ್ದೆಗೆ ಸೇರಿದ್ದು, ಮನುಷ್ಯನಿಗಲ್ಲ. ಹಳಬರು ಹಿಂದೆ ಕೂರಲಿ. ಅರ್ಥ ಆಯ್ತಾ?"

ಅರ್ಥವಾಗಿತ್ತು. ಹಳೆಯ ಚಾಮತ್ ಎರಡನೆಯ ಸಾಲಿಗೆ ಹೋದರು. ಸ್ವಲ್ಪ ಕಾಲದ ನಂತರ ಜೊಗ್ಜ ಪಟ್ಟಣದಲ್ಲಿದ್ದ ಮಗಳ ಮನೆಗೇ ಹೋದರು. ಅಲ್ಲಿಂದ ಅವರ ಸಾವಿನ ಸುದ್ದಿ ಬಂತು. ಏನಾಗಿ ಸತ್ತರೆಂದು ಯಾರೂ ಕೇಳಲಿಲ್ಲ. ವಯಸ್ಸಾಗಿತ್ತು ಎಂದರು.

ಕಾಲ ಉರುಳಿತು. ಹರ್ಜಿತೊ ನಿವೃತ್ತರಾದರು. ಗ್ಯಾಸ್ಟ್ರಿಕ್ ಮಾತ್ರ ನಿವೃತ್ತಿ ತೆಗೆದುಕೊಳ್ಳಲಿಲ್ಲ. ಸಾಹೇಬರು ದಾರಿಯಲ್ಲಿ ಸಿಕ್ಕು "ಏನೋ ಜಿತ್" ಎಂದರೆ ಸಾಕು, ಕೈ ತಾನಾಗಿ ಜೇಬಿನ ಮಾತ್ರೆ ಹುಡುಕುತ್ತಿತ್ತು. ಮರುವರ್ಷ ಕುಂಚೊರೊ ಕೂಡ ನಿವೃತ್ತರಾದರು. ಅವರ ಜಾಗಕ್ಕೆ ಬೂ ಹೆಸ್ತಿ ಬಂದರು. ಚುರುಕಾದ ಹೆಣ್ಣುಮಗಳು, ಕುಂಚೊರೊ ಅವರ ಮಗಳ ವಯಸ್ಸು.

ಅದಾದ ಮೇಲೆ ಊರಿಗೆ ಮೊದಲ ಮದುವೆ ಅಕ್ಕಿ ಗಿರಣಿಯ ಹಾಜಿ ತೊಹಿರ್ ಅವರ ಮಗಳದು. ಅಷ್ಟು ಹೊತ್ತಿಗೆ ನನ್ನ ಮಾವ ತೀರಿಕೊಂಡು, ಮನೆಗೆ ಹಿರಿಯನಾಗಿ ನಾನು ನಾಲ್ಕನೆಯ ಸಾಲಿಗೆ ಬಡ್ತಿ ಪಡೆದಿದ್ದೆ. ಅಲ್ಲಿಂದ ಬಾಗಿಲು ಚೆನ್ನಾಗಿ ಕಾಣುತ್ತಿತ್ತು. ಬೂ ಹೆಸ್ತಿ ಬಂದು ನಡುವಿನ ಸೋಫಾದಲ್ಲಿ ಕೂತಾಗಿತ್ತು. ಕುಂಚೊರೊ ಹೆಂಡತಿಯೊಂದಿಗೆ ಬಂದರು. ಎಂದಿನಂತೆ ಯಾರನ್ನೂ ನೋಡದೆ, ಎಲ್ಲರಿಗೂ ತಲೆಯಾಡಿಸುತ್ತ ನೇರ ಮುಂದಕ್ಕೆ ನಡೆದರು. ಅವರು ಹರ್ಜಿತೊ ಅವರ ಹೆಬ್ಬೆರಳನ್ನು ಎಂದೂ ನೋಡಿದವರಲ್ಲ, ನೋಡುವ ಅಗತ್ಯವೂ ಬಿದ್ದಿರಲಿಲ್ಲ. ಈ ಸಲ ಹರ್ಜಿತೊ ಎರಡು ಹೆಜ್ಜೆ ಮುಂದೆ ಬಂದು, ಬಾಗಿ, ಮೆಲ್ಲಗೆ ಹೆಬ್ಬೆರಳು ತೋರಿಸಿದರು. ಎರಡನೆಯ ಸಾಲು.

ಗಾಮೆಲಾನ್ ವಾದ್ಯಮೇಳ ನುಡಿಯುತ್ತಿತ್ತು, ಯಾರೂ ಮಾತು ನಿಲ್ಲಿಸಲಿಲ್ಲ. ಆದರೂ ಎಲ್ಲರೂ ನೋಡಿದೆವು. ಕುಂಚೊರೊ ಹೆಬ್ಬೆರಳನ್ನು ನೋಡಿದರು, ಹರ್ಜಿತೊ ಅವರ ಮುಖ ನೋಡಿದರು. ಆಮೇಲೆ ಹೋಗಿ ಕೂತರು. ಮೊದಲ ಸಾಲಿಗೂ ಎರಡನೆಯದಕ್ಕೂ ನಡುವೆ ಇದ್ದದ್ದು ಒಂದು ಮೊಳ ಜಾಗ. ಸೂಪೂ ಅಷ್ಟೇ ಬಿಸಿಯಾಗಿ ಬಂತು. ಅವರು ಚಹಾ ಮಾತ್ರ ಕುಡಿದರು. ಅನ್ನದ ತಟ್ಟೆ ತೊಡೆಯ ಮೇಲೆ ಇದ್ದ ಹಾಗೇ ಇತ್ತು. ಐಸು ಬರುವ ಮೊದಲೇ ಎದ್ದರು.

"ಯಾರು ಹೋದರಂತೆ ಅವರ ಮನೆಯಲ್ಲಿ?" ಎಂದು ನನ್ನ ಪಕ್ಕದವರು ಗಾಬರಿಯಿಂದ ಕೇಳಿದರು.

ಅಲ್ಲಿಂದ ಕುಂಚೊರೊ ಕಾಯಿಲೆ ಬಿದ್ದರು. ಮೊದಮೊದಲು ಗಾಳಿ ಹೊಕ್ಕಿದೆ ಎಂದರು. ನಮ್ಮಲ್ಲಿ ಯಾವ ಕಾಯಿಲೆಯೂ ಗಾಳಿ ಹೊಗುವುದರಿಂದಲೇ ಶುರುವಾಗುವುದು. ಬೂ ಮುರ್ತಿನಿ, ಅಂದರೆ ಅವರ ಹೆಂಡತಿ, ಎಣ್ಣೆ ಹಚ್ಚಿ ನಾಣ್ಯದಿಂದ ಗಂಡನ ಬೆನ್ನನ್ನು ಹುಲಿಪಟ್ಟೆ ಏಳುವಂತೆ ಗೀರಿದರು. ಗಾಳಿ ಹೊರಬರಲಿಲ್ಲ. "ಒಳಗೆ ಹೋಗಿದ್ರೆ ತಾನೇ ಹೊರಗೆ ಬರೋದು. ಅವರಿಂದ ಗಾಳಿ ಹೊರಟುಹೋಗಿದೆ," ಎಂದು ಚಹಾ ಗೂಡಂಗಡಿಯಲ್ಲಿ ಯಾರೋ ಹೇಳಿದರು, ನಾವೆಲ್ಲ ನಕ್ಕೆವು. ಹಾಗೆ ನಕ್ಕವರಲ್ಲಿ ಒಂದು ಕಾಲಕ್ಕೆ ಆಡಿನ ಜೋಕಿಗೆ ಹೊಟ್ಟೆ ಹಿಡಿದುಕೊಂಡವರೂ ಇದ್ದರು.

ಆ ಜೋಕಿನ ಗತಿಯೂ ಹಾಗೇ ಆಯಿತು. ಬೀದಿಯ ಚರಂಡಿ ರಿಪೇರಿಯ ಸಭೆಗೆ ಕುಂಚೊರೊ ಒಮ್ಮೆ ಬಂದರು. ನಡುವೆ ಎದ್ದು ನಿಂತು ಆಡಿನ ಜೋಕು ಹೇಳಿದರು. ಮುಗಿಯಿತು. ಯಾರೂ ನಗಲಿಲ್ಲ. ಬೇಕೆಂದು ಸುಮ್ಮನಿದ್ದದ್ದಲ್ಲ, ಯಾರಾದರೂ ಮೊದಲು ನಗಲಿ ಎಂದು ಎಲ್ಲರೂ ಕಾದೆವು, ಅಷ್ಟೆ. ಹಿಂದೆ ಮೊದಲು ನಗುತ್ತಿದ್ದದ್ದು ಹರ್ಜಿತೊ. ಅವರು ಆವತ್ತು ಚರಂಡಿಯ ನಕ್ಷೆ ನೋಡುತ್ತಿದ್ದರು. ಕುಂಚೊರೊ ಎದೆ ಹಿಡಿದುಕೊಂಡು ಮನೆಗೆ ಹೋದವರು ಆಮೇಲೆ ಬೀದಿಗೆ ಬರುವುದನ್ನೇ ಬಿಟ್ಟರು. ಮಸೀದಿಗೂ ಬರಲಿಲ್ಲ. ಸೊಲೊ ಪಟ್ಟಣದ ದೊಡ್ಡ ಡಾಕ್ಟರಿಗೆ ತೋರಿಸಿದರು. ಎದೆಯಲ್ಲಿ ಏನೂ ಇಲ್ಲ, ರಕ್ತದೊತ್ತಡ ಜಾಸ್ತಿ, ದಿನಾ ನಡೆಯಿರಿ ಎಂದರಂತೆ. ನಡೆಯಬೇಕೆಂದರೆ ದಾರಿಯಲ್ಲಿ ಜನ ಸಿಗುತ್ತಾರಲ್ಲ.

ಅದೇ ಸಮಯಕ್ಕೆ ನನ್ನ ನಾದಿನಿಯ ಮಗಳ ಮದುವೆ ಗೊತ್ತಾಯಿತು. ಬಾಗಿಲಿಗೆ ನಿಲ್ಲಿ ಎಂದು ಕೇಳಲು ಹರ್ಜಿತೊ ಅವರ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಕೂತು ಮಾತಾಡುತ್ತಿದ್ದಾಗ ಬೂ ಮುರ್ತಿನಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಬಂದರು. ಚಾಮತರ ಹೆಂಡತಿಯಾಗಿ ಅಷ್ಟು ವರ್ಷದಲ್ಲಿ ಒಮ್ಮೆಯೂ ಆ ಜಗಲಿ ಹತ್ತದವರು.

"ಪಾಕ್ ಹರ್ಜಿತೊ, ಒಂದು ಕುರ್ಚಿ ಕೇಳೋಕೆ ಬಂದೆ."

ಹರ್ಜಿತೊ ತಡಬಡಿಸಿ ಎದ್ದು ಒಳಗಿನಿಂದ ಕುರ್ಚಿ ತರಲು ಹೊರಟರು.

"ನನಗೆ ಕೂರೋಕಲ್ಲ," ಎಂದರು ಆಕೆ. "ನಮ್ಮನೆಯವರಿಗೆ. ಇವರ ಮನೆ ಮದುವೇಲಿ. ಮುಂದಿನ ಸಾಲಲ್ಲಿ ಒಂದು ಮೂಲೆ ಆದ್ರೂ ಸಾಕು. ನಿದ್ದೆ ಅನ್ನೋದೇ ಇಲ್ಲ ಅವರಿಗೆ. ಊಟ ಅಂದ್ರೆ ನಾಲ್ಕು ತುತ್ತು. ಮಾತ್ರೆ ತಗೊಳ್ಳಿ ಅಂದ್ರೆ, ಯಾರಿಗೋಸ್ಕರ ಅಂತಾರೆ. ಒಂದು ಸಲ, ಒಂದೇ ಒಂದು ಸಲ ಮುಂದೆ ಕೂತು ಎದ್ದು ಬರಲಿ. ಆಮೇಲೆ ನಾನು ಸಂಭಾಳಿಸ್ತೀನಿ."

ಹರ್ಜಿತೊ ನಿಂತೇ ಇದ್ದರು. "ಬೂ, ತಪ್ಪು ತಿಳ್ಕೋಬಾರದು. ಅವರಿಗೆ ಕೊಟ್ರೆ ಹಳೇ ಹೆಡ್‌ಮಾಸ್ಟರ್ ಬರ್ತಾರೆ, ಹಳೇ ಇನ್ಸ್‌ಪೆಕ್ಟರ್ ಬರ್ತಾರೆ. ಮುಂದಿನ ಸಾಲು ಬೆಳೀತಾ ಹೋಗಿ ಮದುಮಕ್ಕಳ ತೊಡೆ ಮೇಲೆ ಕೂತ್ಕೊಳ್ಳುತ್ತೆ."

"ನಮ್ಮನೆ ಮದುವೆ ತಾನೇ ಪಾಕ್, ನಮಗೇನೂ ಅಭ್ಯಂತರ ಇಲ್ಲ," ಎಂದು ನಾನು ಬಾಯಿ ಹಾಕಿದೆ.

"ಹಾಗಾದ್ರೆ ಬಾಗಿಲಲ್ಲಿ ನೀವೇ ನಿಂತ್ಕೊಳ್ಳಿ."

ಹರ್ಜಿತೊ ಮತ್ತೆ ಬೂ ಮುರ್ತಿನಿಯ ಕಡೆ ತಿರುಗಿದರು.

"ಈ ನಿಯಮ ನಂದಲ್ಲ, ಬೂ. ಮಾಡಿದ್ದು ಅವರೇ."

"ಗೊತ್ತು ನನಗೆ," ಎಂದರು ಬೂ ಮುರ್ತಿನಿ. "ಅವರಿಗೂ ಗೊತ್ತು. ಅದಕ್ಕೇ ಅವರು ಬಂದಿಲ್ಲ, ನಾನು ಬಂದಿದೀನಿ."

ಬಾಳೆಹಣ್ಣನ್ನು ಜಗಲಿಯ ಮೇಲೆ ಇಟ್ಟು ಹೋದರು. ಹರ್ಜಿತೊ ಅದನ್ನು ಮುಟ್ಟಲಿಲ್ಲ. ನಾನು ಒಂದು ತಿಂದೆ, ಏನು ಮಾಡುವುದೆಂದು ತೋಚದೆ.

ನಮ್ಮ ಮನೆಯ ಮದುವೆಗೆ ಕುಂಚೊರೊ ದಂಪತಿ ಬರಲಿಲ್ಲ. ಸಂಪ್ರದಾಯದಂತೆ ಊಟದ ಬುಟ್ಟಿಯನ್ನು ಅವರ ಮನೆಗೆ ಕಳಿಸಿದೆವು. ಬೂ ಮುರ್ತಿನಿ ಸೂಪನ್ನು ಬಿಸಿಮಾಡಿ ಗಂಡನ ಮುಂದಿಟ್ಟರಂತೆ. ಅವರು ಬಟ್ಟಲನ್ನು ಸ್ವಲ್ಪ ಹೊತ್ತು ನೋಡಿ, "ಎಷ್ಟನೇ ಸಾಲಿಂದು ಇದು?" ಎಂದರಂತೆ. ನನ್ನ ಹೆಂಡತಿ ಇದನ್ನು ಬಂದು ಹೇಳಿದಾಗ ನಗಬೇಕೆಂದು ಬಾಯಿ ತೆರೆದೆ. ನಗು ಬರಲಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ಅವರು ಬಚ್ಚಲಲ್ಲಿ ಬಿದ್ದರು. ಎಡಭಾಗಕ್ಕೆ ಲಕ್ವ ಹೊಡೆದಿತ್ತು. ಬಾಯಿ ಓರೆಯಾಯಿತು. ಮಾತು ಮಾತ್ರ ಉಳಿಯಿತು, ಬಿಸಿ ಗೆಣಸು ಬಾಯಲ್ಲಿಟ್ಟುಕೊಂಡವರ ಮಾತಿನ ಹಾಗೆ. ಊರೆಲ್ಲ ನೋಡಲು ಹೋಯಿತು. ಕಾಯಿಲೆ ದೊಡ್ಡದಾದ ಮೇಲೆ ಮನುಷ್ಯನೂ ಮತ್ತೆ ದೊಡ್ಡವನಾಗುತ್ತಾನೆ ಎಂದು ಕಾಣುತ್ತದೆ. ಹಾಸಿಗೆಯ ಪಕ್ಕ ಕೂತವರೆಲ್ಲ ಅವರನ್ನು ಪುನಃ ಪಾಕ್ ಚಾಮತ್ ಎಂದೇ ಕರೆದರು. ಹರ್ಜಿತೊ ಎರಡು ಸಲ ಹೊರಟು ಎರಡು ಸಲವೂ ಅರ್ಧ ದಾರಿಯಿಂದ ಹಿಂತಿರುಗಿದರು. ಹೊಟ್ಟೆ ಉರಿ ಎಂದರು.

ಹಾಜಿ ತೊಹಿರ್ ಮಗನ ಮದುವೆ ಬಂತು. ಅದೇ ಅಂಗಳ, ಅದೇ ಪೆಂಡಾಲು, ಅದೇ ಗಾಜಿನ ಮೇಜು. ಹರ್ಜಿತೊ ಬಾಗಿಲಲ್ಲಿದ್ದರು. ಬೂ ಮುರ್ತಿನಿ ಗಂಡನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು. ಕೂದಲಿಗೆ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ್ದರು. ಒಳ್ಳೆಯ ಬಾತಿಕ್ ಅಂಗಿ ಈಗ ಎರಡು ಅಳತೆ ದೊಡ್ಡದಾಗಿತ್ತು.

ಹರ್ಜಿತೊ ಬಾಗಿದರು, ಕೈ ಮಡಿಚಿದರು. ಹೆಬ್ಬೆರಳು ಅರ್ಧಕ್ಕೆ ಎದ್ದು ಗಾಳಿಯಲ್ಲೇ ನಿಂತಿತು. ಎರಡನೆಯ ಸಾಲಿನ ಕುರ್ಚಿಗಳು ಒತ್ತೊತ್ತಾಗಿದ್ದವು, ಮೂರನೆಯದರಲ್ಲೂ ಅಷ್ಟೆ. ಗಾಲಿಕುರ್ಚಿ ನುಗ್ಗುವಷ್ಟು ಅಗಲವಿದ್ದದ್ದು ನಡುವಿನ ದಾರಿಯೊಂದ‍ಕ್ಕೇ. ಅದು ಹೋಗಿ ನಿಲ್ಲುವುದು ಮೊದಲ ಸಾಲಿನ ಮುಂದೆ. ಹರ್ಜಿತೊ ಕೈ ಇಳಿಸಿ, ಬೂ ಮುರ್ತಿನಿಯ ಕೈಯಿಂದ ಕುರ್ಚಿಯ ಹಿಡಿ ತೆಗೆದುಕೊಂಡು ತಾವೇ ತಳ್ಳಿದರು.

ಬೂ ಹೆಸ್ತಿ ನಡುವಿನ ಸೋಫಾದಿಂದ ಎದ್ದು, "ಇಲ್ಲಿ ಬನ್ನಿ ಪಾಕ್, ಇದನ್ನ ಈ ಕಡೆ ಸರಿಸೋಣ," ಎನ್ನುತ್ತ ಸೆರಗು ಸಿಕ್ಕಿಸಿಕೊಂಡು ಸೋಫಾಕ್ಕೆ ಕೈ ಹಾಕಿಯೇಬಿಟ್ಟರು. ಅದೇ ಸಾಲಿನಲ್ಲಿ ಕೂತಿದ್ದ ಪೊಲೀಸ್ ಅಧಿಕಾರಿ ಆಚೆಯಿಂದ ತಳ್ಳಿದರು. ಸೋಫಾ ಒಂದು ಮೊಳ ಸರಿಯಿತು. ಸಾಕಾಯಿತು.

"ನೀವು ಎಲ್ಲಿ ಕೂರ್ತೀರಿ, ಬೂ?" ಎಂದು ಹರ್ಜಿತೊ ಕಂಗಾಲಾಗಿ ಕೇಳಿದರು.

"ಹಿಂದೆ ಫ್ಯಾನ್ ಹತ್ರ ಹೋಗ್ತೀನಿ ಬಿಡಿ. ಈ ಸೋಫಾಲಿ ಕೂತು ಕೂತು ಸೊಂಟ ಹಿಡ್ಕೊಂಡಿದೆ ನನಗೆ. ಯಾರಿಗೆ ಹೇಳೋದು ಅಂತ ಸುಮ್ನಿದ್ದೆ."

ಆಕೆ ಹೋಗಿ ಐದನೆಯ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತರು. ಭೂಮಿ ಬಾಯಿ ಬಿಡಲಿಲ್ಲ. ಹಳೆಯ ಹೆಡ್‌ಮಾಸ್ಟರ್, ಹಳೆಯ ಇನ್ಸ್‌ಪೆಕ್ಟರ್ ಇಬ್ಬರೂ ಅಲ್ಲೇ ಇದ್ದರು. ಯಾರೂ ಮೊದಲ ಸಾಲು ಕೇಳಲಿಲ್ಲ.

ಸೂಪು ಬಂತು, ಹೊಗೆಯಾಡುತ್ತಿತ್ತು. ಬೂ ಮುರ್ತಿನಿ ಆರಿಸಿ ಆರಿಸಿ ಚಮಚದಿಂದ ಗಂಡನಿಗೆ ಕುಡಿಸಿದರು. ಅರ್ಧ ಬಾಯಿಗೆ, ಅರ್ಧ ಅಂಗಿಗೆ. ಅವರು ಪೂರ್ತಿ ಬಟ್ಟಲು ಮುಗಿಸಿದರು. ಅನ್ನವನ್ನೂ ಉಂಡರು. ಐಸಿಗೂ ಕಾದರು. ಹರ್ಜಿತೊ ಬಾಗಿಲಿಗೆ ಮರಳದೆ ಸೋಫಾದ ಹಿಂದೆ ನಿಂತೇ ಇದ್ದರು. ಕುಂಚೊರೊ ಸರಿಯಿದ್ದ ಕೈಯೆತ್ತಿ ಅವರನ್ನು ಹತ್ತಿರ ಕರೆದರು. ಓರೆ ಬಾಯಿಂದ ಒಂದೊಂದೇ ಮಾತು ಆಯ್ದು ತೆಗೆದರು.

"ನೀವು… ಊಟ ಮಾಡಿದ್ರಾ, ಪಾಕ್ ಹರ್ಜಿತೊ?"

ಪೂರ್ತಿ ಹೆಸರು, ಬಹುವಚನ.

"ಜಿತ್ ಅನ್ನಿ, ಪಾಕ್," ಎಂದರು ಹರ್ಜಿತೊ. "ಜಿತ್ ಅಂತಲೇ ಕರೀರಿ."

ಕುಂಚೊರೊ ಮತ್ತೆ ಅದನ್ನೇ ಕೇಳಿದರು, ಬಹುವಚನದಲ್ಲೇ. ಹರ್ಜಿತೊ ತಲೆಯಾಡಿಸಿ, ಅಡುಗೆಯವರ ಕಡೆ ಹೋಗಿಬಿಟ್ಟರು. ಬಾಗಿಲಲ್ಲಿ ಯಾರೂ ಇಲ್ಲದೆ ಅತಿಥಿಗಳು ಬಂದು ಬಂದು ತಮಗೆ ತೋಚಿದಲ್ಲಿ ಕೂತರು. ಬೈಕಿನ ವ್ಯಾಪಾರಿ ಅಂತೂ ಎರಡನೆಯ ಸಾಲು ಸೇರಿದ. ಪಾಪ, ಅವನನ್ನು ಆವತ್ತು ಯಾರೂ ಗಮನಿಸಲಿಲ್ಲ.

ಮುಂದಿನ ಹಜ್ ತಿಂಗಳಿಗೆ ಮೊದಲೇ ಕುಂಚೊರೊ ತೀರಿಕೊಂಡರು. ಹರ್ಜಿತೊ ಮತ್ತೆ ಯಾವ ಬಾಗಿಲಲ್ಲೂ ನಿಲ್ಲಲಿಲ್ಲ. ಮೇಲಂಗಿಯನ್ನು ಮಗನಿಗೆ ಕೊಟ್ಟರು. ಈಗ ಮದುವೆಗೆ ಕರೆದರೆ ಹೋಗುತ್ತಾರೆ, ಅಡುಗೆಯವರ ಪಕ್ಕ ಮಣೆಯ ಮೇಲೆ ಕೂರುತ್ತಾರೆ. ಸಂಬಾಲ್ ಮುಟ್ಟುವುದಿಲ್ಲ. ಈಗ ಭಾನುವಾರವೂ ಹೊಟ್ಟೆ ಉರಿಯುತ್ತದೆ.

ಮೊನ್ನೆ ಅವರ ಜಗಲಿಗೆ ಹೋಗಿದ್ದೆ. ಸೀಮೆಬದನೆ ಹೆಚ್ಚುತ್ತಿದ್ದರು. ಮಾತಿಗೆ ಮಾತು ಬಂದು ಆ ದಿನದ ಸುದ್ದಿಗೆ ಹೋಯಿತು.

"ನಿಯಮ ಅಂದೆ," ಎಂದರು. "ಸುಳ್ಳಲ್ಲ, ನಿಯಮಾನೇ. ಆದರೆ ಆವತ್ತು ಅವರಿಗೆ ಎರಡನೇ ಸಾಲು ತೋರಿಸಿದೆ ನೋಡಿ, ನಾನು ಬಾಗಿದ್ದೆ, ಒಳಗೆ ಮಾತ್ರ ಬೆನ್ನು ನೆಟ್ಟಗಾಯ್ತು. ಆ ತಿಂಗಳು ಪೂರ್ತಿ ಮಾತ್ರೆ ಮುಟ್ಟಲಿಲ್ಲ ನಾನು. ಸೋಮವಾರವೂ ಮೆಣಸಿನಕಾಯಿ ತಿಂದೆ. ಎಂಥಾ ನಿದ್ದೆ ಬರ್ತಿತ್ತು ಅಂತೀರಿ. ಅವರ ನಿದ್ದೆನೂ ನಾನೇ ಮಾಡಿದ್ನೇನೋ."

ಚಾಕು ಕೆಳಗಿಟ್ಟರು. "ಅವರ ಹೆಂಡತಿ ಬಂದಾಗಾದ್ರೂ ಹೂಂ ಅನ್ನಬಹುದಿತ್ತು. ಒಂದು ಮೊಳ. ಸರಿಸಿದ್ರೆ ಸರೀತಿತ್ತು. ಸರಿಸಿ ನೋಡಿದ ಮೇಲೆ ಗೊತ್ತಾಯ್ತು."

ಅವರನ್ನು ಹೇಗಾದರೂ ಸಮಾಧಾನಪಡಿಸಬೇಕೆನಿಸಿತು. ಡಾಕ್ಟರರೇ ರಕ್ತದೊತ್ತಡ ಎಂದಿದ್ದರು, ವಯಸ್ಸೂ ಆಗಿತ್ತು, ಕುಂಚೊರೊ ಅವರ ಅಪ್ಪನಿಗೂ ಲಕ್ವ ಹೊಡೆದಿತ್ತಂತೆ ಎಂದು ಒಂದೊಂದಾಗಿ ಹೇಳಿದೆ. ಅವರು ಕೇಳಿಸಿಕೊಳ್ಳುತ್ತಿದ್ದಂತೆ ಕಾಣಲಿಲ್ಲ. ಕೊನೆಗೆ, ತಿಳಿದವನ ಧಾಟಿಯಲ್ಲಿ ಕೇಳಿದೆ.

"ಅಲ್ಲ ಪಾಕ್, ಒಂದು ಕುರ್ಚಿ ಹಿಂದೆಮುಂದೆ ಆದ್ರೆ ಯಾರಾದ್ರೂ ಕಾಯಿಲೆ ಬೀಳ್ತಾರಾ?"

ಅವರು ತಲೆಯೆತ್ತಿ ನನ್ನನ್ನು ನೋಡಿದರು.

"ಆರನೇ ಸಾಲು, ಸ್ಪೀಕರ್ ಪಕ್ಕ ಅಂತ ಇಷ್ಟು ವರ್ಷದಿಂದ ನನ್ನ ತಲೆ ತಿಂತಿದೀರಲ್ಲ, ನಿಮ್ಮನ್ನೇ ಕೇಳ್ಕೊಳ್ಳಿ."